ಆರೋಪಿ ಎಂದಷ್ಟೇ ಹೇಳುವುದು ಹೇಗೆ: ತಾರೆಯರ ಹಗರಣದ ಸುದ್ದಿ ಬಂದಾಗ ಅನುಸರಿಸಬಹುದಾದ ಕ್ರಮ

ಬೆಂಗಳೂರಿನಲ್ಲಿ ಬೆಳಿಗ್ಗೆ ಹುಟ್ಟಿದ ಸುದ್ದಿಯು ಸಂಜೆ ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಚಹಾದಂಗಡಿಗೆ ಬಂದು ಮುಟ್ಟುವಷ್ಟರಲ್ಲಿ ಅದರ ಬಾಲದಲ್ಲಿದ್ದ ಒಂದು ಪುಟ್ಟ ಮಾತು ಉದುರಿಹೋಗಿರುತ್ತದೆ. ಬೆಳಿಗ್ಗೆ ಅದು ‘ಹೊಡೆದನಂತೆ’ ಎಂದಿತ್ತು, ಸಂಜೆಗೆ ‘ಹೊಡೆದ’ ಎಂದಾಗಿರುತ್ತದೆ. ನಮ್ಮ ಭಾಗದ ಆಡುಮಾತಿನಲ್ಲಿ ‘ಹೊಡದಾನಂತ್ರೀ’ ಎನ್ನುವಾಗಲೂ ಆ ‘ಅಂತ’ ಎಂಬುದು ತಾನು ಕಂಡದ್ದಲ್ಲ, ಯಾರಿಂದಲೋ ಕೇಳಿದ್ದು ಎಂಬ ಪ್ರಾಮಾಣಿಕ ಒಪ್ಪಿಗೆಯಾಗಿರುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಂಥ ಒಪ್ಪಿಗೆಯನ್ನು ಹೇಳಲು ಕನ್ನಡ ಅವಕಾಶ ಕೊಟ್ಟಿರುವಾಗ ನಾವು ಅದನ್ನು ದಾರಿಯಲ್ಲಿ ಕಳೆದುಕೊಳ್ಳುವುದು ಸೋಜಿಗ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಬಹಳ ಸರಳವಾದದ್ದು: ನಟನೋ ನಟಿಯೋ ಕ್ರಿಕೆಟಿಗನೋ ಸಿಕ್ಕಿಬಿದ್ದ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳುವ ಮುನ್ನ ಉದುರಿದ ಆ ‘ಅಂತೆ’ಯನ್ನು ವಾಕ್ಯಕ್ಕೆ ಮರಳಿ ಜೋಡಿಸಬೇಕು. ಹಾಗೆ ಜೋಡಿಸಿದ ಕೂಡಲೇ ‘ಯಾರು ಹೇಳಿದರಂತೆ?’ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಆ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಸುದ್ದಿ ಅಲ್ಲಿಗೇ ನಿಲ್ಲುವುದು ಒಳ್ಳೆಯದು.

ಕಲಬುರಗಿಯ ಸುದ್ದಿಮನೆಯೊಂದರಲ್ಲಿ ಹಲವು ವರ್ಷ ರಾತ್ರಿ ಪಾಳಿಯಲ್ಲಿ ಕುಳಿತು ಬೇರೆಯವರು ಬರೆದ ಸುದ್ದಿಯನ್ನು ತಿದ್ದಿದವನು ನಾನು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ಓದುಗರಲ್ಲಷ್ಟೇ ಅಲ್ಲ, ಸುದ್ದಿಮನೆಯಲ್ಲಿಯೂ ಇರುತ್ತಾರೆ. ನಾನೂ ಒಮ್ಮೆ ಹಾಗೆ ಕಟ್ಟಿದ್ದೇನೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಹಗರಣದ ಸುದ್ದಿಯನ್ನು ಓದಲೇಬಾರದು, ಮಾತಾಡಲೇಬಾರದು ಎಂಬ ಉಪದೇಶ ಈ ಬರಹದಲ್ಲಿಲ್ಲ, ಏಕೆಂದರೆ ಅದನ್ನು ಯಾರೂ ಪಾಲಿಸುವುದಿಲ್ಲ. ಪ್ರಕರಣ ಯಾವ ಮೆಟ್ಟಿಲಿನಲ್ಲಿದೆ ಎಂದು ಗುರುತಿಸಿ, ನಮ್ಮ ಮಾತನ್ನೂ ಅದೇ ಮೆಟ್ಟಿಲಿನಲ್ಲಿ ನಿಲ್ಲಿಸುವ ಬಗೆಯನ್ನಷ್ಟೇ ಇಲ್ಲಿ ವಿವರಿಸಿದ್ದೇನೆ.

ನಾಲ್ಕು ಭಾಷೆಗಳ ಗಡಿಯಲ್ಲಿ

ಕಲಬುರಗಿ, ಬೀದರ, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಬೇರೆಯವರಿಗಿಲ್ಲದ ಒಂದು ತೊಡಕಿದೆ. ಬೀದರಿಗೂ ಸೇಡಂಗೂ ಯಾದಗಿರಿಗೂ ಹೈದರಾಬಾದಿನ ತೆಲುಗು ವಾಹಿನಿಗಳ ಸುದ್ದಿ ಬರುತ್ತದೆ, ಬಸವಕಲ್ಯಾಣ ಮತ್ತು ಆಳಂದದ ಕಡೆಗೆ ಮಹಾರಾಷ್ಟ್ರದಿಂದ ಮರಾಠಿ ಸುದ್ದಿ ದಾಟಿ ಬರುತ್ತದೆ, ಮನೆಮನೆಯಲ್ಲಿ ದಖನಿ ಉರ್ದು ಓಡಾಡುತ್ತದೆ. ಮುಂಬೈ ಅಥವಾ ಹೈದರಾಬಾದಿನ ತಾರೆಯೊಬ್ಬರ ವಿಷಯ ನಮ್ಮ ಗುಂಪುಗಳಿಗೆ ಕನ್ನಡದಲ್ಲಿ ಬರುವಾಗ ಯಾರೋ ಒಬ್ಬರು ಅದನ್ನು ಅವಸರದಲ್ಲಿ ಅನುವಾದಿಸಿರುತ್ತಾರೆ, ತಪ್ಪು ಬಹುಪಾಲು ಅಲ್ಲಿಯೇ ಆಗಿರುತ್ತದೆ.

ಮರಾಠಿಯಲ್ಲಿ ಎಫ್‌ಐಆರ್ ದಾಖಲಾಯಿತು ಎನ್ನುವುದಕ್ಕೆ ‘ಗುನ್ಹಾ ದಾಖಲ್’ ಎಂದು ಬರೆಯುತ್ತಾರೆ. ಅದು ಅಲ್ಲಿಯ ರೂಢಿಯ ಮಾತು, ದೂರು ದಾಖಲಾಯಿತು ಎಂಬುದಷ್ಟೇ ಅದರ ಅರ್ಥ. ಆದರೆ ‘ಗುನ್ಹೆ’ ಎಂದರೆ ಅಪರಾಧವೇ ಎಂದು ಬಲ್ಲ ನಮ್ಮ ಕಿವಿಗೆ ಅದು ಅಪರಾಧ ರುಜುವಾತಾದಂತೆ ಕೇಳಿಸುತ್ತದೆ. ತೆಲುಗಿನಲ್ಲಿ ಆರೋಪಿಗೆ ‘ನಿಂದಿತುಡು’ ಎಂಬ ಶಬ್ದವಿದೆ. ಕನ್ನಡದಲ್ಲಿ ‘ನಿಂದಿತ’ ಎಂದರೆ ಜನರಿಂದ ತೆಗಳಿಸಿಕೊಂಡವನು, ಅಂದರೆ ಆಗಲೇ ತೀರ್ಪಾಗಿ ಹೋದವನು. ಉರ್ದುವಿನಲ್ಲಂತೂ ಅಪಾಯ ಇನ್ನೂ ಹತ್ತಿರದಲ್ಲಿದೆ. ‘ಮುಲ್ಜಿಮ್’ ಎಂದರೆ ಆರೋಪ ಹೊತ್ತವನು, ‘ಮುಜ್ರಿಮ್’ ಎಂದರೆ ಅಪರಾಧಿ. ಗದ್ದಲದ ಬಸ್ ನಿಲ್ದಾಣದಲ್ಲಿ ಫೋನಿಗೆ ಕಿವಿಗೊಟ್ಟು ಕೇಳಿದವನಿಗೆ ಈ ಎರಡರ ನಡುವೆ ಎಷ್ಟು ಅಂತರ ಉಳಿದೀತು? ಕನ್ನಡದಲ್ಲೇ ಆರೋಪಿ, ಅಪರಾಧಿ ಎಂಬ ಎರಡು ಶಬ್ದಗಳು ಅಕ್ಕಪಕ್ಕದ ಮನೆಯವರಂತೆ ಇವೆ, ಆದರೆ ಅವುಗಳ ನಡುವೆ ಇಡೀ ನ್ಯಾಯಾಲಯ ನಿಂತಿದೆ.

ಹೀಗಾಗಿ ಬೇರೆ ಭಾಷೆಯಿಂದ ಬಂದ ಸುದ್ದಿಯಾದರೆ ಮೂಲದಲ್ಲಿ ಬಳಸಿದ ಶಬ್ದ ಯಾವುದೆಂದು ಮೊದಲು ವಿಚಾರಿಸಬೇಕು. ಮನೆಯಲ್ಲಿ ಆ ಭಾಷೆ ಓದಬಲ್ಲ ಹಿರಿಯರು ಇದ್ದರೆ ಅವರನ್ನೇ ಕೇಳಬಹುದು. ಉರ್ದು ಪತ್ರಿಕೆ ಓದುವ ಅಜ್ಜನೊಬ್ಬ ಈ ಕೆಲಸದಲ್ಲಿ ಹತ್ತು ಆ್ಯಪ್‌ಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅನುಭವ.

ಮೆಟ್ಟಿಲುಗಳನ್ನು ಗುರುತಿಸುವ ಬಗೆ

ಎಫ್‌ಐಆರ್ ಎಂಬುದು ದೂರಿನ ದಾಖಲೆ ಮಾತ್ರ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಅದನ್ನು ದಾಖಲಿಸಿಕೊಳ್ಳಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಅಂದರೆ ಎಫ್‌ಐಆರ್ ಆಗಿರುವುದರಿಂದ ದೂರು ನಿಜವೆಂದು ಪೊಲೀಸರಿಗೆ ಖಚಿತವಾಗಿದೆ ಎಂದು ಊಹಿಸುವಂತಿಲ್ಲ. ದೂರು ಸುಳ್ಳೆಂದೂ ಊಹಿಸುವಂತಿಲ್ಲ, ತನಿಖೆ ಶುರುವಾಯಿತು ಎಂದಷ್ಟೇ ಹೇಳಬಹುದು.

ಬಂಧನವೂ ಹಾಗೆಯೇ. ಬಂಧನದ ಮರುದಿನ ವಾಹಿನಿಗಳ ಪರದೆಯ ಕೆಳಗೆ ‘ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ ನಟ’ ಎಂಬ ಸಾಲು ಓಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂಬ ನಿಯಮ ಹಿಂದೆ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 23ನೇ ಕಲಮಾಗಿದೆ. ನ್ಯಾಯಾಲಯವೇ ಒಪ್ಪದ ಮಾತನ್ನು ನಾವು ಆಧಾರವಾಗಿ ಹಿಡಿದುಕೊಳ್ಳುವುದು ಸರಿಯಲ್ಲ, ಆದ್ದರಿಂದ ಆ ಸಾಲು ಕಂಡಾಗ ಮುಂದಕ್ಕೆ ಸಾಗುವುದೇ ಲೇಸು.

ಹೆಚ್ಚು ಜನ ಎಡವುವುದು ಜಾಮೀನಿನ ಮೆಟ್ಟಿಲಿನಲ್ಲಿ. ಕನ್ನಡಿಗರಿಗೆ ಹತ್ತಿರದ ಉದಾಹರಣೆ ತೆಗೆದುಕೊಳ್ಳೋಣ. ಕೊಲೆ ಪ್ರಕರಣವೊಂದರಲ್ಲಿ ನಟ ದರ್ಶನ್ ಅವರ ಬಂಧನವಾದದ್ದು 2024ರ ಜೂನ್ 11ರಂದು. ಅದೇ ವರ್ಷ ಡಿಸೆಂಬರ್ 13ರಂದು ಕರ್ನಾಟಕ ಹೈಕೋರ್ಟ್ ಜಾಮೀನು ಕೊಟ್ಟಿತು, 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆ ಜಾಮೀನನ್ನು ರದ್ದುಪಡಿಸಿತು. ನನ್ನ ಫೋನಿನಲ್ಲಿರುವ ಒಂದು ಗುಂಪು ಡಿಸೆಂಬರಿನಲ್ಲಿ ‘ಸತ್ಯ ಗೆದ್ದಿತು’ ಎಂದು ಬರೆಯಿತು, ಇನ್ನೊಂದು ಗುಂಪು ಆಗಸ್ಟಿನಲ್ಲಿ ಅದೇ ಎರಡು ಶಬ್ದಗಳನ್ನು ಬರೆಯಿತು. ಆದರೆ ಆ ಎರಡೂ ಆದೇಶಗಳು ವಿಚಾರಣೆ ಮುಗಿಯುವವರೆಗೆ ಆರೋಪಿ ಹೊರಗಿರಬಹುದೇ, ಒಳಗಿರಬೇಕೇ ಎಂಬುದನ್ನು ಕುರಿತವು. ಕೊಲೆಯ ಆರೋಪ ರುಜುವಾತಾಗಿದೆಯೇ ಎಂಬ ಪ್ರಶ್ನೆಯನ್ನು ಅವು ತೀರ್ಮಾನಿಸಲಿಲ್ಲ. ಜಾಮೀನು ಸಿಕ್ಕಿದ್ದರಿಂದ ನಿರ್ದೋಷಿಯೆಂದಾಗಲಿ, ರದ್ದಾದದ್ದರಿಂದ ದೋಷಿಯೆಂದಾಗಲಿ ಹೇಳಲು ಬರುವುದಿಲ್ಲ. ಇನ್ನೊಂದು ಬಗೆಯ ಜಾಮೀನೂ ಇದೆ. ತನಿಖಾಧಿಕಾರಿಗಳು ಅಪರಾಧದ ಸ್ವರೂಪಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಬಂಧಿತನು ಅದೊಂದೇ ಕಾರಣಕ್ಕೆ ಜಾಮೀನು ಕೇಳುವ ಹಕ್ಕನ್ನು ಪಡೆಯುತ್ತಾನೆ. ಅಲ್ಲಿ ಪ್ರಕರಣದ ಹುರುಳಿನ ಚರ್ಚೆಯೇ ಆಗಿರುವುದಿಲ್ಲ.

ದೋಷಾರೋಪ ಪಟ್ಟಿಯೆಂದರೆ ಪೊಲೀಸರ ಕಡೆಯ ವಾದ. ಅದರಲ್ಲಿ ಹೆಸರಿಲ್ಲದಿರುವುದಕ್ಕೂ ಅಷ್ಟೇ ತೂಕವಿದೆ ಎಂಬುದನ್ನು ನಟ ಶಾರುಖ್ ಖಾನ್ ಅವರ ಮಗ ಆರ್ಯನ್ ಖಾನ್ ಪ್ರಕರಣದಿಂದ ತಿಳಿಯಬಹುದು. ಮುಂಬೈಯ ಪ್ರವಾಸಿ ಹಡಗಿನ ಮಾದಕ ವಸ್ತು ಪ್ರಕರಣದಲ್ಲಿ ಅವರನ್ನು ಬಂಧಿಸಿದ್ದು 2021ರ ಅಕ್ಟೋಬರ್ 3ರಂದು, ಬಾಂಬೆ ಹೈಕೋರ್ಟಿನಿಂದ ಜಾಮೀನು ದೊರೆತದ್ದು ಅಕ್ಟೋಬರ್ 28ರಂದು. 2022ರ ಮೇ 27ರಂದು ಮಾದಕ ವಸ್ತು ನಿಯಂತ್ರಣ ಬ್ಯೂರೊ ಸಲ್ಲಿಸಿದ ಪಟ್ಟಿಯಲ್ಲಿ ಸಾಕಷ್ಟು ಸಾಕ್ಷ್ಯವಿಲ್ಲವೆಂಬ ಕಾರಣಕ್ಕೆ ಅವರ ಹೆಸರೇ ಇರಲಿಲ್ಲ. ಅಕ್ಟೋಬರಿನಲ್ಲಿ ದಿನವಿಡೀ ಆ ಸುದ್ದಿಯನ್ನು ಹಂಚಿದವರಲ್ಲಿ ಮೇ ತಿಂಗಳ ಸುದ್ದಿಯನ್ನು ಎಷ್ಟು ಜನ ಹಂಚಿದರೆಂದು ನಿಮ್ಮ ಗುಂಪಿನಲ್ಲೇ ಹುಡುಕಿ ನೋಡಬಹುದು. ಕೆಲವೊಮ್ಮೆ ದೋಷಾರೋಪ ಪಟ್ಟಿಯ ಬದಲು ಮುಕ್ತಾಯ ವರದಿ ಬರುತ್ತದೆ. ನಮ್ಮ ಪೊಲೀಸ್ ಠಾಣೆಗಳಲ್ಲಿ ಅದನ್ನು ‘ಬಿ’ ರಿಪೋರ್ಟ್ ಎನ್ನುತ್ತಾರೆ. 2020ರ ಜೂನ್ 14ರಂದು ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡ ಮೇಲೆ ದೇಶದ ಅರ್ಧದಷ್ಟು ಮನೆಗಳು ತನಿಖಾಧಿಕಾರಿಗಳ ಕೊಠಡಿಗಳಾಗಿದ್ದವು. ಆ ಅಬ್ಬರದ ಕುರಿತು ಬಾಂಬೆ ಹೈಕೋರ್ಟ್ 2021ರ ಜನವರಿಯಲ್ಲಿ ಮಾಧ್ಯಮಗಳಿಗೆ ಎಚ್ಚರಿಕೆ ಹೇಳಿತು, ಸಿಬಿಐ ತನ್ನ ಮುಕ್ತಾಯ ವರದಿಯನ್ನು ಸಲ್ಲಿಸಿದ್ದು 2025ರ ಮಾರ್ಚಿನಲ್ಲಿ.

ಆರೋಪ ನಿಗದಿ, ಸಾಕ್ಷಿಗಳ ವಿಚಾರಣೆ, ಪಾಟೀ ಸವಾಲು, ತೀರ್ಪು, ಮೇಲ್ಮನವಿ ಇವೆಲ್ಲ ಇದರ ನಂತರದ ಮೆಟ್ಟಿಲುಗಳು. ವಾಹಿನಿಗಳ ಕ್ಯಾಮೆರಾಗಳು ಆ ವೇಳೆಗೆ ಮತ್ತೊಬ್ಬರ ಮನೆಯ ಮುಂದೆ ನಿಂತಿರುತ್ತವೆ.

ಫೋನಿನಲ್ಲೇ ಮಾಡಬಹುದಾದ ಪರಿಶೀಲನೆ

ನಮ್ಮಲ್ಲಿ ಗಂಜ್ ಎನ್ನುವ ಧಾನ್ಯದ ಮಾರುಕಟ್ಟೆಯಲ್ಲಿ ತೊಗರಿಯ ಚೀಲ ಬಿಚ್ಚಿ, ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ, ತೇವಾಂಶ ನೋಡದೆ ಯಾವ ಖರೀದಿದಾರನೂ ದರ ಹೇಳುವುದಿಲ್ಲ. ಸುದ್ದಿಯ ಚೀಲ ಬಿಚ್ಚುವುದಕ್ಕೂ ಕೆಲವು ಸಾಧನಗಳಿವೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಅದರ ಆ್ಯಪ್‌ನಲ್ಲಿ ಪಕ್ಷಗಾರರ ಹೆಸರು ಅಥವಾ ಪ್ರತಿ ಪ್ರಕರಣಕ್ಕೂ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಗುರುತಿನ ಸಂಖ್ಯೆ ಕೊಟ್ಟು ಪ್ರಕರಣದ ಸ್ಥಿತಿಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಮುಂದಿನ ದಿನಾಂಕ ಯಾವುದು, ಯಾವ ಹಂತದಲ್ಲಿದೆ ಎಂಬ ಎರಡು ಸಾಲುಗಳು ಅಲ್ಲಿ ಸಿಗುತ್ತವೆ. ಒಂದು ಗಂಟೆಯ ಟಿವಿ ಚರ್ಚೆಯಲ್ಲಿ ಈ ಎರಡು ಸಾಲುಗಳೇ ಇರುವುದಿಲ್ಲ.

ಕಲಾಪದ ವಿಡಿಯೊ ತುಣುಕುಗಳ ಬಗ್ಗೆ ಒಂದು ಮಾತು. ಹೈಕೋರ್ಟಿನ ಕಲಾಪ ನೇರಪ್ರಸಾರವಾಗತೊಡಗಿದ ಮೇಲೆ ನ್ಯಾಯಮೂರ್ತಿಗಳು ಕೇಳಿದ ಖಾರವಾದ ಪ್ರಶ್ನೆಯೊಂದನ್ನು ಕತ್ತರಿಸಿ, ಹಿನ್ನೆಲೆ ಸಂಗೀತ ಹಾಕಿ, ‘ಕೋರ್ಟಿನಿಂದ ಛೀಮಾರಿ’ ಎಂದು ಹಂಚುವ ಪದ್ಧತಿ ಬೆಳೆದಿದೆ. ವಾದದ ನಡುವೆ ಕೇಳಿದ ಪ್ರಶ್ನೆಯು ತೀರ್ಪಾಗುವುದಿಲ್ಲ. ಅದೇ ನ್ಯಾಯಮೂರ್ತಿಗಳು ಅದೇ ದಿನ ಎದುರು ಪಕ್ಷಕ್ಕೆ ಅಷ್ಟೇ ಖಾರವಾದ ಪ್ರಶ್ನೆ ಕೇಳಿರುತ್ತಾರೆ, ಅದು ತುಣುಕಿನಲ್ಲಿರುವುದಿಲ್ಲ. 2013ರಿಂದ ಕಲಬುರಗಿಯಲ್ಲಿಯೇ ಹೈಕೋರ್ಟಿನ ಕಾಯಂ ಪೀಠವಿದೆ; ಬಿಡುವಿದ್ದವರು ಒಂದು ದಿನ ಪರಿಚಯದ ವಕೀಲರೊಡನೆ ಹೋಗಿ ಕಲಾಪವನ್ನು ಕುಳಿತು ನೋಡಿದರೆ ಇದು ಚೆನ್ನಾಗಿ ಮನವರಿಕೆಯಾಗುತ್ತದೆ. ನಿಧಾನ ಎಷ್ಟಿರುತ್ತದೆಂದರೆ, ಮೊದಲ ಸಲ ಹೋದವರಿಗೆ ನಿದ್ದೆಯೂ ಬರಬಹುದು.

ಕಣ್ಣಿಂದ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ವಿಡಿಯೊಗಳ ಕಾಲಕ್ಕೆಂದೇ ಹುಟ್ಟಿದಂತಿದೆ. 2023ರ ನವೆಂಬರಿನಲ್ಲಿ ಹರಿದಾಡಿದ ನಟಿ ರಶ್ಮಿಕಾ ಮಂದಣ್ಣ ಅವರ ವಿಡಿಯೊದಲ್ಲಿ ಇದ್ದದ್ದು ಬೇರೊಬ್ಬ ಯುವತಿಯ ದೇಹ. ಮುಖವನ್ನು ಮಾತ್ರ ಕೃತಕವಾಗಿ ಅಂಟಿಸಲಾಗಿತ್ತು, ಮುಂದಿನ ಜನವರಿಯಲ್ಲಿ ದೆಹಲಿ ಪೊಲೀಸರು ಒಬ್ಬನನ್ನು ಬಂಧಿಸಿದರು. ಸಂಶಯ ಬಂದ ವಿಡಿಯೊದ ಒಂದು ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದು ಹಿಂದೆ ಎಲ್ಲಿ, ಯಾವಾಗ ಬಂದಿತ್ತೆಂಬುದು ಹಲವು ಸಲ ಗೊತ್ತಾಗುತ್ತದೆ. ವಾಟ್ಸ್ಆ್ಯಪ್ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು ಎಂದರ್ಥ. ಅಂಥದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಲು ಬಿಡುವ ಮಿತಿ 2020ರ ಏಪ್ರಿಲ್‌ನಲ್ಲಿ ಬಂತು.

ಆ ಮಿತಿಯ ಮೊದಲ ರೂಪ ಬಂದದ್ದು 2018ರ ಜುಲೈಯಲ್ಲಿ, ಒಮ್ಮೆಗೆ ಐದು ಕಡೆಗೆ ಮಾತ್ರ ಎಂದು. ಅದೇ ಜುಲೈ 13ರಂದು ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದನ್ನು ಕಂಡ ಯಾರಿಗೋ ಮಕ್ಕಳ ಕಳ್ಳರೆಂಬ ಸಂಶಯ ಬಂತು. ಅವರು ಕಾರಿನಲ್ಲಿ ಹೊರಟರು. ಸಂದೇಶ ಅವರ ಕಾರಿಗಿಂತ ಮೊದಲು ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ಅಲ್ಲಿ ಜನರ ಹೊಡೆತಕ್ಕೆ ಸಿಕ್ಕಿ ಒಬ್ಬ ಯುವಕ ಸತ್ತನು. ತಾರೆಯರ ಹಗರಣದ ನಡುವೆ ಇದನ್ನು ಏಕೆ ತಂದಿರಿ ಎಂದು ಕೇಳಬಹುದು. ತಾರೆಗೆ ಕಾವಲುಗಾರರಿದ್ದಾರೆ, ಗೇಟು ಇದೆ, ವಕೀಲರಿದ್ದಾರೆ, ಆದ್ದರಿಂದ ನಮ್ಮ ಸಂದೇಶ ಅವರನ್ನು ಮುಟ್ಟಿದ್ದು ನಮಗೆ ಕಾಣುವುದಿಲ್ಲ. ಮುರ್ಕಿಯಲ್ಲಿ ಅದು ಕಂಡಿತು. ಕಳಿಸುವಾಗ ಒತ್ತುವ ಗುಂಡಿ ಎರಡಕ್ಕೂ ಒಂದೇ.

ದೂರುದಾರರ ಮೇಲೆ ತೀರ್ಪು ಬೇಡ

ಅವಸರದ ತೀರ್ಪು ಬೇಡ ಎಂದು ಹೇಳುವವರಲ್ಲಿ ಬಹಳಷ್ಟು ಮಂದಿ ತಮ್ಮ ಮೆಚ್ಚಿನ ನಟನ ವಿಷಯದಲ್ಲಿ ಮಾತ್ರ ಹಾಗೆ ಹೇಳುತ್ತಾರೆ. ‘ಹಣಕ್ಕಾಗಿ ದೂರು ಕೊಟ್ಟಿದ್ದಾಳೆ’ ಎನ್ನುವುದೂ ಸಾಕ್ಷ್ಯವಿಲ್ಲದೆ ಕೊಟ್ಟ ತೀರ್ಪೇ, ಕಟಕಟೆಯಲ್ಲಿ ನಿಂತವರು ಬದಲಾಗಿರುತ್ತಾರೆ ಅಷ್ಟೆ. ‘ಇಷ್ಟು ವರ್ಷ ಸುಮ್ಮನಿದ್ದು ಈಗೇಕೆ?’ ಎಂಬ ಪ್ರಶ್ನೆ ಕೇಳುವ ಮುನ್ನ ಮಲಯಾಳಂ ಚಿತ್ರರಂಗದ ಮಹಿಳೆಯರ ಸ್ಥಿತಿಗತಿ ಕುರಿತ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿಯನ್ನು ನೆನೆಯಬೇಕು. ಅದನ್ನು ಕೇರಳ ಸರ್ಕಾರಕ್ಕೆ ಸಲ್ಲಿಸಿದ್ದು 2019ರ ಡಿಸೆಂಬರ್ 31ರಂದು, ಅದು ಸಾರ್ವಜನಿಕರ ಕೈಗೆ ಬಂದದ್ದು 2024ರ ಆಗಸ್ಟ್ 19ರಂದು. ಒಂದು ಸರ್ಕಾರಿ ವರದಿಗೇ ಇಷ್ಟು ಕಾಲ ಹಿಡಿದಿದ್ದರೆ ಒಬ್ಬಂಟಿ ಹೆಣ್ಣುಮಗಳಿಗೆ ಎಷ್ಟು ಹಿಡಿದೀತು?

ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಸಂತ್ರಸ್ತೆಯ ಹೆಸರು, ಊರು, ಫೋಟೊ ಅಥವಾ ಗುರುತು ಸಿಗುವಂಥ ಯಾವುದೇ ವಿವರವನ್ನು ಹಂಚಬಾರದು. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಅದಕ್ಕೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ‘ಪಾಪ, ನ್ಯಾಯ ಸಿಗಲಿ’ ಎಂಬ ಕನಿಕರದಿಂದ ಹಂಚಿದರೂ ಅದು ಅಪರಾಧವೇ.

ಗುಂಪಿನಲ್ಲಿ ನಡೆದುಕೊಳ್ಳುವ ರೀತಿ

ಮನೆಮಂದಿಯ ಗುಂಪಿನಲ್ಲಿ ಕಾಕಾ ಅಥವಾ ಮಾವ ಇಂಥದ್ದೊಂದು ಸಂದೇಶ ಹಾಕಿದಾಗ ಎಲ್ಲರೆದುರು ‘ಇದು ಸುಳ್ಳು’ ಎಂದು ತಿರುಗಿಸಿದರೆ ಸುದ್ದಿಯ ಚರ್ಚೆ ಹಿಂದೆ ಸರಿದು ಮರ್ಯಾದೆಯ ಚರ್ಚೆ ಮುಂದೆ ಬರುತ್ತದೆ. ನಾನು ಅನುಸರಿಸುವ ದಾರಿ ಬೇರೆ. ಅವರಿಗೆ ಪ್ರತ್ಯೇಕವಾಗಿ ಫೋನ್ ಮಾಡಿ, ‘ಕಾಕಾ, ಇದು ಎಲ್ಲಿಂದ ಬಂತ್ರಿ? ನನಗೂ ಪೂರ್ತಿ ಸುದ್ದಿ ಓದೋದದ’ ಎಂದು ಕೇಳುತ್ತೇನೆ. ಹತ್ತರಲ್ಲಿ ಏಳು ಸಲ ಅವರೇ ಹುಡುಕಿ, ಸಿಗದೆ, ಸಂದೇಶವನ್ನು ಅಳಿಸುತ್ತಾರೆ. ಉಳಿದ ಮೂರು ಸಲ ನನ್ನ ಮೇಲೆ ಸಿಟ್ಟಾಗುತ್ತಾರೆ, ಅದಕ್ಕೆ ಮದ್ದಿಲ್ಲ.

‘ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ’ ಎಂಬ ಸಮಜಾಯಿಷಿಗೆ ಕಾನೂನಿನಲ್ಲಿ ಬಲವಿಲ್ಲ ಎಂಬುದನ್ನೂ ಅವರಿಗೆ ಹಿತವಾಗಿ ತಿಳಿಸಬಹುದು. ತಮಿಳು ನಟ ಹಾಗೂ ಮಾಜಿ ಶಾಸಕ ಎಸ್.ವಿ. ಶೇಖರ್ ಅವರು 2018ರಲ್ಲಿ ಮಹಿಳಾ ಪತ್ರಕರ್ತರನ್ನು ಹೀನಾಯಗೊಳಿಸಿದ ಬರಹವೊಂದನ್ನು ಫೇಸ್‌ಬುಕ್ಕಿನಲ್ಲಿ ಹಂಚಿದ್ದರು. ಕಣ್ಣಿಗೆ ಔಷಧ ಹಾಕಿಕೊಂಡಿದ್ದರಿಂದ ಓದದೆಯೇ ಹಂಚಿದರು ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2023ರ ಆಗಸ್ಟಿನಲ್ಲಿ ಆ ನ್ಯಾಯಾಲಯ ಪ್ರಕರಣವನ್ನು ರದ್ದುಪಡಿಸಲು ಒಪ್ಪಲಿಲ್ಲ, ಮರುವರ್ಷ ಚೆನ್ನೈನ ನ್ಯಾಯಾಲಯ ಅವರಿಗೆ ಒಂದು ತಿಂಗಳ ಶಿಕ್ಷೆ ವಿಧಿಸಿತು. ಮಾನಹಾನಿಗೆ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಸಾದಾ ಸೆರೆವಾಸ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆಯ ಶಿಕ್ಷೆಯಿದೆ.

ಆಗಲೇ ಕಳಿಸಿಬಿಟ್ಟಿದ್ದರೆ

ಅಳಿಸಿದರೆ ಸಾಲದು, ಏಕೆಂದರೆ ಓದಿದವರ ತಲೆಯಿಂದ ಅದು ಅಳಿಯುವುದಿಲ್ಲ. ತಿದ್ದುಪಡಿಯನ್ನು ಅದೇ ಗುಂಪಿಗೆ, ಅಷ್ಟೇ ಜನಕ್ಕೆ, ಸಾಧ್ಯವಾದರೆ ದಿನದ ಅದೇ ಹೊತ್ತಿಗೆ ಕಳಿಸಬೇಕು. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಜಾತ್ರೆಗಳಲ್ಲಿ ಹೆಸರು ಮಾಡಿದ್ದ ನಾಟಕ ಕಂಪನಿಯ ಕಲಾವಿದರೊಬ್ಬರ ಮೇಲೆ ಹಣದ ವ್ಯವಹಾರದ ದೂರು ದಾಖಲಾಗಿ ಬಂಧನವಾದ ರಾತ್ರಿ, ಪುಟ ಮುಚ್ಚುವ ಗಡಿಬಿಡಿಯಲ್ಲಿ ನಾನು ‘ವಂಚಕ ಕಲಾವಿದ ಸೆರೆ’ ಎಂದು ನಾಲ್ಕು ಕಾಲಮಿನ ಶೀರ್ಷಿಕೆ ಕೊಟ್ಟೆ. ‘ವಂಚನೆ ಆರೋಪ’ ಎಂದು ಬರೆಯಲು ಬೇಕಾಗಿದ್ದ ಜಾಗ ಆ ಸಾಲಿನಲ್ಲಿ ಇತ್ತು. ತಿಂಗಳುಗಳ ಮೇಲೆ ಪೊಲೀಸರ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ನಾವು ಅದನ್ನು ಆರನೆಯ ಪುಟದ ಮೂಲೆಯಲ್ಲಿ, ಕೃಷಿ ಮಾರುಕಟ್ಟೆಯ ದರಗಳ ಕೆಳಗೆ, ಒಂದು ಕಾಲಮಿನಲ್ಲಿ ಮೂರು ಸಾಲಿಗೆ ಹಾಕಿದೆವು. ಮುಂದಿನ ಜಾತ್ರೆಯಲ್ಲಿ ಅವರು ರಂಗದ ಮೇಲೆ ಬಂದಾಗ ಹಿಂದಿನ ಸಾಲಿನಿಂದ ಯಾರೋ ನನ್ನ ಶೀರ್ಷಿಕೆಯ ಮೊದಲ ಶಬ್ದವನ್ನು ಕೂಗಿದರು. ಪ್ರೇಕ್ಷಕರ ನಡುವೆ ನಾನೂ ಕುಳಿತಿದ್ದೆ.

ತಿದ್ದುಪಡಿ ಉದ್ದವಾಗಿರಬೇಕಿಲ್ಲ, ನೆಪಗಳಿರಬಾರದು. ‘ನಿನ್ನೆ ರಾತ್ರಿ ಇಂಥ ನಟನ ಬಗ್ಗೆ ನಾನು ಕಳಿಸಿದ ಸಂದೇಶದಲ್ಲಿ ಅವರು ಅಪರಾಧ ಮಾಡಿದ್ದಾರೆಂದು ಇತ್ತು. ದೂರು ಮಾತ್ರ ದಾಖಲಾಗಿದೆ, ತನಿಖೆ ನಡೆದಿದೆ. ನಾನು ಪರಿಶೀಲಿಸದೆ ಕಳಿಸಿದ್ದು ತಪ್ಪು. ಯಾರಾದರೂ ಅದನ್ನು ಮುಂದಕ್ಕೆ ಕಳಿಸಿದ್ದರೆ ದಯವಿಟ್ಟು ಇದನ್ನೂ ಅವರಿಗೆ ಕಳಿಸಿ’ ಎಂದಿಷ್ಟು ಬರೆದರೆ ಸಾಕು. ಅದರ ಕೆಳಗೆ ಅಂದಿನ ದಿನಾಂಕ ಹಾಕಬೇಕು, ಪ್ರಕರಣದ ಮುಂದಿನ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಗುರುತು ಹಾಕಿಕೊಂಡು, ಆ ದಿನ ಇ-ಕೋರ್ಟ್ಸ್ ತೆರೆದು ನೋಡಬೇಕು.